ಅಟ್ಟದ ಬಾವಲಿಯನ್ನು ಹೊಗೆ ಹಾಕಿ ಓಡಿಸಬೇಡಿ

ಮಾನ್ಯರೇ,

2018ರಿಂದ ಬಾವಲಿ ಎಂದರೆ ನಿಪಾ ವೈರಸ್ ಎಂಬಲ್ಲಿಗೇ ನಮ್ಮ ಮಾತು ನಿಂತಿದೆ. ಅದರ ಮೈಮೇಲೆ ಬದುಕುವ ರಕ್ತಹೀರುಕಗಳನ್ನೂ ಕಾಸರಗೋಡಿನ ಹಳೆ ಹಂಚಿನ ಮನೆಯವರು ಅರಿತಿರಬೇಕು.

ಬಾವಲಿಯ ರೋಮದ ನಡುವೆ ಜೇಡದಂತೆ ಓಡಾಡುವ, ರೆಕ್ಕೆಯಿಲ್ಲದ ಪ್ರಾಣಿಯೊಂದಿದೆ. ಅದು ಜೇಡವಲ್ಲ, ಬಾವಲಿ ನೊಣ. ಮೊಟ್ಟೆಯಿಡದೆ, ಬೆಳೆದ ಮರಿಹುಳುವನ್ನೇ ಒಂದೊಂದಾಗಿ ಗೋಡೆಗೆ ಅಂಟಿಸಿ ಹೋಗುತ್ತದೆ. ಇದರೊಳಗೆ ಬಾರ್ಟೊನೆಲ್ಲಾ ಬ್ಯಾಕ್ಟೀರಿಯಾ ಹಲವು ದೇಶಗಳಲ್ಲಿ ಸಿಕ್ಕಿದೆ. ಅಮೆರಿಕದ ರೋಗಿಯೊಬ್ಬರ ಹೃದಯದ ಕವಾಟದಲ್ಲಿ ಪತ್ತೆಯಾಗಿ 2010ರಲ್ಲಿ ವರದಿಯಾದ ಒಂದು ಬಗೆಯ ಬಾರ್ಟೊನೆಲ್ಲಾ ಮುಂದೆ ಫಿನ್ಲೆಂಡಿನ ಬಾವಲಿಗಳಲ್ಲೂ ಕಂಡಿತು. ಆದರೂ ಈ ನೊಣ ಮನುಷ್ಯರನ್ನು ಕಚ್ಚುವುದು ತೀರಾ ಅಪರೂಪ, ಗಾಬರಿ ಬೇಡ.

ನಿಜವಾದ ಚಿಂತೆ ಬಾವಲಿಯ ರಕ್ತ ಹೀರುವ ಮೆದು ಮೈಯ ಉಣ್ಣಿಯದು. ಗೋಡೆಯ ಬಿರುಕಿನಲ್ಲಿ ಅದು ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಹೊಗೆ ಹಾಕಿ ಬಾವಲಿಗಳನ್ನು ಒಮ್ಮೆಗೇ ಓಡಿಸಿದರೆ ಹಸಿದ ಉಣ್ಣಿಗಳು ಕೆಳಗಿನ ಕೋಣೆಗೆ ಇಳಿಯಬಹುದು. ಮರಿಗಳಿಗೆ ಹಾರಲು ಬಂದ ಮೇಲಷ್ಟೇ ಕೆಲಸಕ್ಕೆ ಕೈಹಾಕಿ. ಬಾವಲಿ ಓಡಾಡುವ ಕಿಂಡಿಗೆ ಸಣ್ಣ ಕಣ್ಣಿನ ಬಲೆಯನ್ನು ಮೇಲೆ, ಬದಿಗೆ ಬಿಗಿದು ಕೆಳಗೆ ಸಡಿಲ ಬಿಡಿ. ಬಾವಲಿ ಜಾರಿ ಹೊರಹೋಗುತ್ತದೆ, ಮರಳಲಾರದು. ವಾರ ಕಳೆದು ಅರ್ಧ ಇಂಚಿನ ಸಂದನ್ನೂ ಗಾರೆಯಿಂದ ಮುಚ್ಚಿ. ಒಳಗೋಡೆಯ ಬಿರುಕು ಮರೆತರೆ ಶ್ರಮವೆಲ್ಲ ವ್ಯರ್ಥ, ಉಣ್ಣಿ ಇರುವುದೇ ಅಲ್ಲಿ. ಹಿಕ್ಕೆಯನ್ನು ಒಣದಾಗಿ ಗುಡಿಸದೆ, ಮಾಸ್ಕ್ ಹಾಕಿ ನೀರು ಚಿಮುಕಿಸಿ ತೆಗೆಯಿರಿ.

ಸತ್ತ ಬಾವಲಿಯನ್ನು ಬರಿಗೈಯಲ್ಲಿ ಎತ್ತಲೇಬೇಡಿ. ಮೈ ತಣ್ಣಗಾದಂತೆ ಅದರ ಮೇಲಿನ ರಕ್ತಹೀರುಕಗಳು ಬೇರೆ ಬಿಸಿ ಮೈ ಹುಡುಕುತ್ತವೆ. ಉಣ್ಣಿ ಕಚ್ಚಿದ ಮೇಲೆ ಜ್ವರ ಬಂದರೆ, ಅಟ್ಟದಲ್ಲಿ ಬಾವಲಿಗಳಿದ್ದವೆಂದು ವೈದ್ಯರಿಗೆ ಮೊದಲೇ ತಿಳಿಸಿ.

– ಓದುಗರು, ಕುಂಬಳೆ, ಕಾಸರಗೋಡು