ರಸ್ತೆ ಏರಿತು, ಮನೆ ನೆಲ ಒದ್ದೆಯಾಯಿತು

ಮಾನ್ಯರೇ,

ಮಂಡಿ ಮೊಹಲ್ಲಾದ ನಮ್ಮ ಹಳೆ ಮನೆಯ ಬೀದಿ ಕಡೆಯ ಕೋಣೆಗೆ ಡಾಂಬರು ನೆಲ ಇದೆ. ಹಿಂದೆ ಅಲ್ಲಿ ನಮ್ಮ ಮಾವನವರು ಲಾರಿ ಬ್ಯಾಟರಿ ಚಾರ್ಜ್ ಮಾಡುತ್ತಿದ್ದರು. ಆಸಿಡ್ ಚೆಲ್ಲಿದರೆ ಗಾರೆ ನೆಲ ತಿಂದುಹೋಗುತ್ತದೆ, ಡಾಂಬರು ತಡೆದುಕೊಳ್ಳುತ್ತದೆ. ಅದಕ್ಕೇ ಡಾಂಬರಿಗೆ ಮರಳು, ಕಲ್ಲುಪುಡಿ ಸೇರಿಸಿ ಕಾಯಿಸಿ, ಒಂದು ಅಂಗುಲ ದಪ್ಪಕ್ಕೆ ಹಾಕಿಸಿದ್ದರು. ನಾನು ಈ ಮನೆಗೆ ಸೊಸೆಯಾಗಿ ಬಂದಿದ್ದು 1984ರಲ್ಲಿ. ಮನೆಯಲ್ಲೆಲ್ಲಾ ಒಣಗಿದ ಜಾಗ ಅಂದರೆ ಅದೊಂದೇ. ಮಳೆಗಾಲದಲ್ಲಿ ಹಪ್ಪಳದ ಡಬ್ಬ, ರಾಗಿ ಚೀಲ ಎಲ್ಲವನ್ನೂ ಅತ್ತೆ ಅಲ್ಲೇ ಇಡುತ್ತಿದ್ದರು.

ಈಗ ಆ ಕೋಣೆಯಲ್ಲಿ ನನ್ನ ಊದುಬತ್ತಿ ಕಟ್ಟುಗಳಿವೆ. ಎರಡು ವರ್ಷದ ಹಿಂದೆ ಮೊದಲ ಸಲ ಮುಗ್ಗಲು ವಾಸನೆ ಬಂತು. ಕೆಳಗಿನ ಸಾಲಿನ ಕಟ್ಟುಗಳಿಗೆ ಬೂಷ್ಟು ಹಿಡಿದಿತ್ತು. ಬೂಷ್ಟು ಬಂದ ಬತ್ತಿಯನ್ನು ಒಣಗಿಸಿದರೂ ಸರಿಯಾಗಿ ಉರಿಯುವುದಿಲ್ಲ, ವಾಸನೆಯೂ ಕೆಡುತ್ತದೆ. ಮೂವತ್ತು ಕಿಲೋ ಎಸೆದೆ. ಹೊಸೆದುಕೊಟ್ಟ ಹೆಂಗಸರಿಗೆ ಕೂಲಿ ಕೊಡಲೇಬೇಕಲ್ವಾ, ಕೊಟ್ಟೆ.

ಒಬ್ಬ ಮೇಸ್ತ್ರಿ ಬಂದು ಅರ್ಧ ಕೋಣೆಗೆ ಡಾಂಬರಿನ ಮೇಲೇ ಸಿಮೆಂಟ್ ಹಾಕಿದರು. ಎಂಟು ತಿಂಗಳಲ್ಲಿ ಅದು ಬಿರಿಯಿತು. ತಟ್ಟಿದರೆ ಟೊಳ್ಳು ಸದ್ದು. ಡಾಂಬರು ಬಿಸಿಗೆ ಮೆತ್ತಗಾಗುತ್ತದೆ, ಸಿಮೆಂಟ್ ಅದಕ್ಕೆ ಸರಿಯಾಗಿ ಅಂಟಿಕೊಳ್ಳುವುದಿಲ್ಲ. ವಿನೈಲ್ ಹಾಸು ಅಂಟಿಸೋಣ ಅಂದವರೂ ಇದ್ದರು. ಆ ಅಂಟಿನಲ್ಲಿ ಥಿನ್ನರ್ ಇದ್ದರೆ ಡಾಂಬರು ಕರಗಿ ಕಪ್ಪು ಮೇಲೆ ಬರುತ್ತದೆ. ಡಾಂಬರು ನೆಲ ಇರುವವರು ಸೀಮೆಎಣ್ಣೆ ಹಾಕಿ ಒರೆಸಲೂ ಬಾರದು.

ಆಮೇಲೆ ವಯಸ್ಸಾದ ಇನ್ನೊಬ್ಬ ಮೇಸ್ತ್ರಿ ಬಂದರು. ಅವರು ಕರಣೆ ಮುಟ್ಟಲೇ ಇಲ್ಲ. ಒಂದೂವರೆ ಅಡಿ ಚೌಕದ ಮೂರು ಪ್ಲಾಸ್ಟಿಕ್ ಹಾಳೆ ತರಿಸಿದರು. ಒಂದನ್ನು ಕೋಣೆಯ ನಡುವೆ, ಒಂದನ್ನು ಬಾಗಿಲ ಹತ್ತಿರದ ಬಿರುಕಿನ ಮೇಲೆ, ಇನ್ನೊಂದನ್ನು ಬೀದಿ ಗೋಡೆಯ ಅಂಚಿಗೆ ಹಾಸಿ, ನಾಲ್ಕೂ ಕಡೆ ಟೇಪು ಒತ್ತಿ ಹೋದರು. ಹಾಳೆಯ ಮೇಲೆ ಹನಿ ಕೂತರೆ ಗಾಳಿಯ ತೇವ, ಅಡಿಯಲ್ಲಿ ಕೂತರೆ ನೆಲದ ತೇವ, ನಾಳೆ ನೋಡಿ ಅಮ್ಮ ಅಂದರು. ಮಾರನೇ ದಿನ ನಡುವಿನ ಹಾಳೆ ಒಣಗಿತ್ತು. ಬಿರುಕಿನ ಮೇಲಿನದಕ್ಕೆ ಅಡಿಯಲ್ಲಿ ನಾಲ್ಕೈದು ಹನಿ. ಗೋಡೆ ಅಂಚಿನದು ತೊಟ್ಟಿಕ್ಕುತ್ತಿತ್ತು.

ಅಂದರೆ ಡಾಂಬರು ಇನ್ನೂ ಗಟ್ಟಿಯಾಗೇ ಇದೆ. ಹಳೆಯದಾಗಿ ಬಿರುಸಾದಾಗ ಗೋಡೆಯಿಂದ ಒಂದು ಗೆರೆಯಷ್ಟು ಸರಿದುಕೊಂಡಿದೆ, ಅಷ್ಟೇ. ಆ ಗೆರೆ ಎಷ್ಟೋ ವರ್ಷದಿಂದ ಇತ್ತು. ನೀರು ಬಂದಿದ್ದು ಮಾತ್ರ ಈಚೆಗೆ.

ಎಲ್ಲಿಂದ ಬಂತು? ಹೊರಗೆ ಹೋಗಿ ನೋಡಿದೆವು. ಮೊದಲು ಬೀದಿಯಿಂದ ಮೂರು ಮೆಟ್ಟಿಲು ಹತ್ತಿ ನಮ್ಮ ಜಗಲಿಗೆ ಬರಬೇಕಿತ್ತು. ಈಗ ಉಳಿದಿರುವುದು ಒಂದೇ. ಪ್ರತಿ ಸಲವೂ ಹಳೆ ರಸ್ತೆಯ ಮೇಲೇ ಜಲ್ಲಿ, ಡಾಂಬರು ಹಾಕಿ ಹಾಕಿ ರಸ್ತೆ ಏರಿದೆ. ಚರಂಡಿಯ ಗೋಡೆಯನ್ನೂ ಅದರ ಜೊತೆಗೇ ಏರಿಸಿದ್ದಾರೆ, ಒಳಗಿನ ಹೂಳು ಹಾಗೇ ಇದೆ. ಮಳೆ ನೀರು ಹರಿಯದೆ ನಮ್ಮ ಪಾಯದ ಪಕ್ಕದಲ್ಲೇ ನಿಲ್ಲುತ್ತದೆ. ಕಲ್ಲು, ಸುಣ್ಣದ ಗಾರೆಯ ಹಳೆ ಗೋಡೆ ಅದನ್ನು ಬತ್ತಿ ಎಣ್ಣೆ ಹೀರಿದ ಹಾಗೆ ಹೀರುತ್ತದೆ.

ದುಡ್ಡು ಕೊಟ್ಟು ನಮ್ಮ ಮನೆ ಮುಂದಿನ ಹೂಳು ತೆಗೆಸಿದೆ. ಎರಡು ತಿಂಗಳು ಒಣಗಲು ಬಿಟ್ಟು, ಅಂಚಿನ ಗೆರೆಗೂ ಬಿರುಕಿಗೂ ಬಿಸಿ ಡಾಂಬರು ತುಂಬಿಸಿದೆವು. ಒಳಗೋಡೆಯ ಸಿಮೆಂಟ್ ಕೆತ್ತಿ ಸುಣ್ಣದ ಗಾರೆ ಮೆತ್ತಿಸಿದೆ, ಇಲ್ಲದಿದ್ದರೆ ನೆಲದಲ್ಲಿ ತಡೆದ ತೇವ ಸಿಮೆಂಟ್ ದಾಟಿ ಆರಲಾಗದೆ ಗೋಡೆ ಹತ್ತುತ್ತಿತ್ತು. ಈ ವರ್ಷ ಬತ್ತಿ ಕೆಟ್ಟಿಲ್ಲ. ಆದರೆ ಸಾಲಿನ ಉಳಿದ ಮನೆಗಳಲ್ಲಿ ಜನ ಇನ್ನೂ ಟೈಲ್ಸ್ ಮೇಲೆ ಟೈಲ್ಸ್ ಹಾಕಿಸುತ್ತಿದ್ದಾರೆ. ಒಬ್ಬರ ಹೊಸ್ತಿಲಂತೂ ರಸ್ತೆಗಿಂತ ತಗ್ಗಿನಲ್ಲಿದೆ.

ಹಳೆ ಪದರ ಕೆರೆದು ತೆಗೆಯುವ ಯಂತ್ರ ಇದೆ. ಮೊದಲು ಕೆರೆದು, ಆಮೇಲೆ ಅಷ್ಟೇ ದಪ್ಪ ಹಾಕಿದರೆ ರಸ್ತೆ ಏರುವುದಿಲ್ಲ. ಕೆಲಸ ಶುರು ಮಾಡುವ ಮುಂಚೆ ಪಾಲಿಕೆಯವರು ಎರಡೂ ಬದಿಯ ಹೊಸ್ತಿಲುಗಳ ಎತ್ತರ ಅಳೆದು ಬರೆದಿಟ್ಟುಕೊಳ್ಳಲಿ. ಚರಂಡಿಯ ಹೂಳು ತೆಗೆದ ಮೇಲೆಯೇ ಬಿಲ್ ಪಾಸಾಗಲಿ. ಪಕ್ಕದ ಬೀದಿಯಲ್ಲಿ ಈ ವಾರ ಜಲ್ಲಿ ತಂದು ಸುರಿದಿದ್ದಾರೆ, ಕೆರೆಯುವ ಯಂತ್ರ ಬಂದಿಲ್ಲ. ಡಾಂಬರು ಬೀಳುವ ಮುಂಚೆ ಅದನ್ನು ದಯವಿಟ್ಟು ತರಿಸಿ.

– ಊದುಬತ್ತಿ ಕೆಲಸದ ಒಬ್ಬ ಗೃಹಿಣಿ, ಮಂಡಿ ಮೊಹಲ್ಲಾ, ಮೈಸೂರು