ಪುಸ್ತಕ ಮುಚ್ಚಿ ನನಗೆ ಹೇಳು, ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಮೇಜಿನ ಮೇಲೇ ತಲೆಯಿಟ್ಟು ಮಲಗಿಬಿಟ್ಟಿದ್ದೆ. ದೀಪ ಆರಿಸಲು ಬಂದಾಗ ನಿನ್ನ ಜೀವಶಾಸ್ತ್ರದ ಪುಸ್ತಕ ಕಣ್ಣಿಗೆ ಬಿತ್ತು. ಪುಟದ ತುಂಬಾ ಹಳದಿ ಬಣ್ಣ. ಬಣ್ಣ ಬಳಿಯದ ಸಾಲೇ ಇರಲಿಲ್ಲ. ಎದುರಿಗೆ ಹೇಳಿದರೆ ಮಾತು ಬೆಳೆಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಆ ಪಾಠ ನಾಲ್ಕು ಸಲ ಓದಿದ್ದೀಯ. ಓದಿದಾಗಲೆಲ್ಲ ‘ಇದು ನಂಗೆ ಗೊತ್ತು’ ಅನ್ನಿಸುತ್ತದೆ, ಅಲ್ವಾ? ಮೋಸ ಹೋಗುವುದು ಅಲ್ಲೇ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನೇ ಪರೀಕ್ಷಿಸಿದರು. ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಓದಿದರು. ಉಳಿದವರು ಪಾಠ ನೋಡದೆ, ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಅದು ತಲೆಕೆಳಗಾಯಿತು. ಬರೆದು ನೋಡಿದವರಿಗೆ ಶೇ 56ರಷ್ಟು ನೆನಪಿತ್ತು, ಓದಿದವರಿಗೆ ಶೇ 42. ನಿನ್ನ ಪರೀಕ್ಷೆ ಇನ್ನೂ ತಿಂಗಳುಗಳ ಆಚೆಗಿದೆ ಮಗಳೇ.

ಹಳೇ ಪ್ರಶ್ನೆಪತ್ರಿಕೆ ತಗೋ, ಗಡಿಯಾರ ಎದುರಿಗಿಟ್ಟುಕೋ. ತಪ್ಪಾದದ್ದನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸು. ಗೊತ್ತಿರಲಿಲ್ಲವೋ, ಅವಸರ ಮಾಡಿದೆಯೋ, ಅದನ್ನೂ ಬರಿ. ಎರಡಕ್ಕೂ ಮದ್ದು ಬೇರೆ ಬೇರೆ.

ಇನ್ನು, ಮೆಡಿಕಲ್ ಕಾಲೇಜಿನ ಅರ್ಜಿಯ ಜೊತೆ ಕಳಿಸುವ ಆ ಬರಹ. ‘ಚಿಕ್ಕಂದಿನಿಂದಲೂ ಡಾಕ್ಟರ್ ಆಗಬೇಕೆಂಬುದು ನನ್ನ ಕನಸು’ ಅಂತ ಶುರು ಮಾಡಿದ್ದೀಯ. ಅದನ್ನು ಯಾರು ಬೇಕಾದರೂ ಬರೆಯಬಹುದು. ಅಜ್ಜಿಯ ಮಾತ್ರೆ ಡಬ್ಬಿಯನ್ನು ಯಾಕೆ ಬಿಟ್ಟೆ? ದಿನಕ್ಕೊಂದರಂತೆ ಏಳು ಖಾನೆಗಳ ಆ ಡಬ್ಬಿಗೆ ಭಾನುವಾರ ಮಾತ್ರೆ ತುಂಬುತ್ತಿದ್ದವಳು ನೀನೇ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೇ ಯಾಕೆ ಅಂತ ನೀನು ನನ್ನನ್ನು ಕೇಳಿದ್ದೆ. ನನಗೆ ಗೊತ್ತಿರಲಿಲ್ಲ. ನೀನೇ ಹುಡುಕಿಕೊಂಡು ಬಂದೆ. ಊಟದ ಜೊತೆ ತಗೊಂಡರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರ ಬೇಕು ಅಂತ ಅಜ್ಜಿಗೆ ಬಿಡಿಸಿ ಹೇಳಿದೆ. ಅದನ್ನು ಬರಿ. ಸಂದರ್ಶನದಲ್ಲಿ ಎಷ್ಟು ಕೆದಕಿ ಕೇಳಿದರೂ ತಡವರಿಸುವುದಿಲ್ಲ, ಅದು ಉರು ಹೊಡೆದದ್ದಲ್ಲವಲ್ಲ.

ಅಲ್ಲಿ ಉತ್ತರ ಹೊಳೆಯದಿದ್ದರೆ ಸುಮ್ನೆ ಕೂರಬೇಡ. ‘ಇಷ್ಟು ಗೊತ್ತು, ಇಲ್ಲಿಂದ ಹೀಗೆ ಯೋಚಿಸುತ್ತೇನೆ’ ಅಂತ ಬಾಯಿಬಿಟ್ಟು ಹೇಳು. ನಿನ್ನ ಯೋಚನೆ ಹೇಗೆ ಸಾಗುತ್ತದೆ ಅನ್ನೋದನ್ನೇ ಅವರು ನೋಡುವುದು.

ಸೀಟು ಕಡಿಮೆ, ಅರ್ಜಿ ಜಾಸ್ತಿ. ಚೆನ್ನಾಗಿ ಓದಿದವರಿಗೂ ತಪ್ಪಿಹೋಗುತ್ತದೆ. ನಿನಗೆ ಇಷ್ಟವಾಗುವ ಬೇರೆ ಕೋರ್ಸಿಗೂ ಅರ್ಜಿ ಹಾಕಿರು. ಅದನ್ನು ಸೋಲು ಅಂತ ಈ ಮನೆಯಲ್ಲಿ ಯಾರೂ ಅನ್ನುವುದಿಲ್ಲ.

ಇವತ್ತು ರಾತ್ರಿ ಆ ಹಳದಿ ಪುಟದ ಪಾಠ ನನಗೆ ಹೇಳಿಕೊಡು. ಪುಸ್ತಕ ನನ್ನ ಕೈಲಿರುತ್ತದೆ. ಹತ್ತು ಗಂಟೆಗೆ ಇಬ್ಬರೂ ಮಲಗೋಣ.

ನಿನ್ನ
ಅಮ್ಮ