ಎ1 ಮುಗಿಸಿದವರಿಗೆ ಆರು ವಾರದ ಸೇತುಬಂಧ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಫ್ರೆಂಚ್ ಮತ್ತು ಜರ್ಮನ್ ಕಲಿಯುತ್ತಿರುವ ಮಕ್ಕಳಲ್ಲಿ ಕೆಲವರನ್ನು ಎ1 ಹಂತ ಮುಗಿದ ಕೂಡಲೇ ಎ2ಗೆ ಕಳಿಸದೆ ಆರು ವಾರದ ಸೇತುಬಂಧ ತರಗತಿಗೆ ಹಾಕಿದ್ದೇವೆ. (ಎ1, ಎ2, ಬಿ1 ಎಂಬುವು ಭಾಷಾ ಕಲಿಕೆಯ ಒಂದರ ನಂತರ ಒಂದು ಬರುವ ಹಂತಗಳು, ಎ1 ಮೊದಲನೆಯದು.) ಈ ವಿಷಯದಲ್ಲಿ ಹಲವರು ಕಚೇರಿಗೆ ಬಂದು ಬೇಸರ ಹೇಳಿಕೊಂಡಿದ್ದೀರಿ. ಪಾಸಾದ ಮಗುವನ್ನು ಯಾಕೆ ನಿಲ್ಲಿಸಿದಿರಿ ಎಂಬುದೇ ಎಲ್ಲರ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ ಹೌದು.

ಯಾರನ್ನೂ ನಿಲ್ಲಿಸಿಲ್ಲ. ಅಂಕಪಟ್ಟಿಯಲ್ಲಿ ಎ1 ತೇರ್ಗಡೆ ಎಂದೇ ಇದೆ, ಹಾಗೆಯೇ ಇರುತ್ತದೆ. ವರ್ಷ ಹಾಳಾಗುವುದಿಲ್ಲ, ಬೇರೆ ಶುಲ್ಕವೂ ಇಲ್ಲ.

ಆದರೆ ಪಾಸಾಗುವುದು ಬೇರೆ, ಮುಂದಿನ ಹಂತಕ್ಕೆ ಅಣಿಯಾಗುವುದು ಬೇರೆ. ಫ್ರೆಂಚ್ ಭಾಷಾ ಸಾಮರ್ಥ್ಯ ಅಳೆಯುವ ಡೆಲ್ಫ್ ಪರೀಕ್ಷೆಯನ್ನೇ ನೋಡಿ. ಕೇಳಿ ಅರ್ಥ ಮಾಡಿಕೊಳ್ಳುವುದು, ಓದುವುದು, ಬರೆಯುವುದು, ಮಾತಾಡುವುದು, ಈ ನಾಲ್ಕಕ್ಕೂ ತಲಾ 25 ಅಂಕ. ಒಟ್ಟು 50 ಬಂದು, ಯಾವ ಭಾಗದಲ್ಲೂ 5ಕ್ಕಿಂತ ಕೆಳಗೆ ಇಳಿಯದಿದ್ದರೆ ಪಾಸು. ಓದಿನಲ್ಲಿ 21, ಬರವಣಿಗೆಯಲ್ಲಿ 19 ತೆಗೆದ ಮಗು ಕೇಳುವುದರಲ್ಲಿ 6, ಮಾತಿನಲ್ಲಿ 7 ಮಾತ್ರ ತೆಗೆದರೂ 53 ಆಯಿತು. ಪಾಸೇ. ಆದರೆ ಎ2 ತರಗತಿಯಲ್ಲಿ ಪಾಠವೂ ಸೂಚನೆಯೂ ಬಹುಪಾಲು ಫ್ರೆಂಚ್‌ನಲ್ಲೇ ನಡೆಯುತ್ತವೆ. 'ಪುಟ ತೆಗೆಯಿರಿ, ಜೋಡಿಯಾಗಿ ಕೂತು ಪ್ರಶ್ನೆ ಕೇಳಿ' ಎಂದದ್ದೇ ತಿಳಿಯದೆ ಪಕ್ಕದವರ ಪುಸ್ತಕ ಇಣುಕಬೇಕಾಗುತ್ತದೆ. ಮೊದಲ ತಿಂಗಳಲ್ಲೇ ಮಗು ಬಾಯಿ ಮುಚ್ಚಿ ಕೂರುವುದು ಹೀಗೆ. ವ್ಯಾಕರಣ ಕಷ್ಟವಾಯಿತೆಂದು ಮನೆಯಲ್ಲಿ ಹೇಳುತ್ತದೆ, ನೀವೂ ನಂಬುತ್ತೀರಿ.

ಕಿವಿ ಪಳಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಫ್ರೆಂಚ್‌ನಲ್ಲಿ 'ಗೆಳೆಯರು' ಎನ್ನಲು ಬರೆಯುವಾಗ 'ಲೇ', 'ಆಮಿ' ಎಂದು ಎರಡು ಪದ. ಮಾತಿನಲ್ಲಿ ಅವು ಕೂಡಿಕೊಂಡು 'ಲೇಜಾಮಿ' ಆಗುತ್ತವೆ. ಪುಸ್ತಕದಲ್ಲಷ್ಟೇ ನೋಡಿದ ಮಗು 'ಜಾಮಿ' ಎಂಬ ಹೊಸ ಪದ ಯಾವುದೆಂದು ಹುಡುಕುತ್ತ ಕೂರುತ್ತದೆ. ಅಷ್ಟರಲ್ಲಿ ಮುಂದಿನ ಎರಡು ವಾಕ್ಯ ಕಳೆದುಹೋಗಿರುತ್ತವೆ.

ಜರ್ಮನ್‌ನಲ್ಲಿ ಎಡವುವುದು ಬೇರೆಡೆ. ಅಲ್ಲಿ ಪ್ರತಿ ನಾಮಪದಕ್ಕೂ ಒಂದು ಲಿಂಗ, ಅದನ್ನು ತೋರಿಸಲು ಪದದ ಮುಂದೆ 'ಡೇರ್', 'ಡೀ' ಮುಂತಾದ ಗುರುತು. ಮೇಜು 'ಡೇರ್ ಟಿಶ್', ಪುಲ್ಲಿಂಗ. ದೀಪ 'ಡೀ ಲಾಂಪೆ', ಸ್ತ್ರೀಲಿಂಗ. (ಕನ್ನಡದಲ್ಲಿ ಎರಡೂ ನಪುಂಸಕ, ಹಾಗಾಗಿ ನಮ್ಮ ಮಕ್ಕಳು ಲಿಂಗವನ್ನು ಲೆಕ್ಕಕ್ಕೇ ಇಡುವುದಿಲ್ಲ.) ಎ1ರಲ್ಲಿ ಲಿಂಗ ತಪ್ಪಿದರೂ ಅರ್ಥ ಕೆಡುವುದು ಕಡಿಮೆ. ಡಾಟಿವ್ ವಿಭಕ್ತಿ (ನಮ್ಮ ಚತುರ್ಥಿಯಂಥದ್ದು) ಬಂದಾಗ ಗೋಳು ಶುರು. 'ಮಿಟ್' (ಅಂದರೆ 'ಜೊತೆ') ಎಂಬ ಪದದ ನಂತರ 'ಡೇರ್' ಹೋಗಿ 'ಡೇಮ್' ಆಗುತ್ತದೆ, 'ಡೀ' ಹೋಗಿ 'ಡೇರ್' ಆಗುತ್ತದೆ. 'ಮಿಟ್ ಡೇರ್ ಲಾಂಪೆ' ಎಂದು ಕಂಡರೆ ಲಿಂಗ ಗೊತ್ತಿಲ್ಲದ ಮಗು ದೀಪ ಪುಲ್ಲಿಂಗವೆಂದು ತೀರ್ಮಾನಿಸಿ, ಅದನ್ನೇ ಗಟ್ಟಿಮಾಡಿಕೊಳ್ಳುತ್ತದೆ. ಹೀಗೆ ಕೂತ ತಪ್ಪನ್ನು ಬಿ1ರಲ್ಲಿ ಬಿಡಿಸುವುದಕ್ಕಿಂತ ಈಗ ಬಿಡಿಸುವುದು ಎಷ್ಟೋ ಸಲೀಸು. ಎ1ಕ್ಕೆ ಸುಮಾರು 650 ಪದ, ಎ2ಗೆ ಸುಮಾರು 1300 ಪದ ಎಂಬುದು ಜರ್ಮನ್ ಪರೀಕ್ಷೆ ನಡೆಸುವ ಗೋಯ್ಥೆ ಸಂಸ್ಥೆಯ ಪದಪಟ್ಟಿಯ ಲೆಕ್ಕ. ಹಳೆಯ ಪದಗಳೇ ಲಿಂಗವಿಲ್ಲದೆ ತಲೆಯಲ್ಲಿ ಕೂತಿದ್ದರೆ, ಅದರ ಮೇಲೆ ಮತ್ತೊಂದು ಅಷ್ಟೇ ಪದ ಹೇರಿ ಏನು ಫಲ?

ಸೇತುಬಂಧದಲ್ಲಿ ಹೊಸ ಪಾಠವಿಲ್ಲ. ವಾರಕ್ಕೆ ನಾಲ್ಕು ಅವಧಿ: ಎರಡರಲ್ಲಿ ಕೇಳುವುದು, ಒಂದರಲ್ಲಿ ಮಾತು, ಒಂದರಲ್ಲಿ ಆಯಾ ಮಗು ಪದೇಪದೇ ಮಾಡುವ ತಪ್ಪುಗಳ ತಿದ್ದುಪಡಿ. ಕೇಳಿಸುವ ಧ್ವನಿಮುದ್ರಿಕೆ ಒಂದು ನಿಮಿಷ ಮೀರುವುದಿಲ್ಲ. ಮೊದಲ ಸಲ ಪುಸ್ತಕ ಮುಚ್ಚಿ, ಎರಡನೇ ಸಲ ಬರಹ ಎದುರಿಗಿಟ್ಟುಕೊಂಡು, ಮೂರನೇ ಸಲ ಮತ್ತೆ ಮುಚ್ಚಿ ಕೇಳುತ್ತಾರೆ. ಮೂರನೇ ವಾರದ ಕೊನೆಗೆ ಒಂದು ಕಿರು ಪರೀಕ್ಷೆ ಇದೆ, ಅದರಲ್ಲಿ ಸರಿಹೋದವರು ಆಗಲೇ ಎ2ಗೆ ಹೋಗಬಹುದು. ಆರು ವಾರ ಕೂರಲೇಬೇಕೆಂಬ ಹಟ ನಮಗಿಲ್ಲ.

ಶಾಲೆಯ ಕಡೆಯಿಂದಲೂ ಸರಿಪಡಿಸಬೇಕಾದ್ದು ಇತ್ತು. ಎ1 ಶಿಕ್ಷಕರು ಎ2 ಶಿಕ್ಷಕರಿಗೆ ಇನ್ನು ಬರೀ ಅಂಕ ದಾಟಿಸುವುದಿಲ್ಲ. ಪ್ರತಿ ಮಗುವಿಗೂ ಒಂದು ಪುಟ: ಎಲ್ಲಿವರೆಗೆ ಪಾಠವಾಗಿದೆ, ನಾಲ್ಕೂ ಕೌಶಲದ ಅಂಕ, ಮರುಕಳಿಸುವ ಎರಡು ತಪ್ಪು. ಜೊತೆಗೆ ತಿದ್ದದೆ ಬಿಟ್ಟ ಒಂದು ಬರಹ, ಎರಡು ನಿಮಿಷದ ಮಾತಿನ ಧ್ವನಿಮುದ್ರಣ. ತಿದ್ದಿದ ಬರಹದಲ್ಲಿ ಕಾಣುವುದು ಶಿಕ್ಷಕರ ಭಾಷೆ, ಮಗುವಿನದ್ದಲ್ಲ. ಎ1ರ ಕೊನೆಯ ತಿಂಗಳಲ್ಲಿ ತರಗತಿಯ ಸೂಚನೆಗಳನ್ನೆಲ್ಲ ಆಯಾ ಭಾಷೆಯಲ್ಲೇ ಕೊಡಲು ಶುರುಮಾಡಿದ್ದೇವೆ.

ಮತ್ತೆ ಅದೇ ಮಾತಿಗೆ ಬರುತ್ತೇನೆ, ಏಕೆಂದರೆ ನಿಮಗೆ ಚುಚ್ಚಿರುವುದು ಅದೇ ಎಂದು ಗೊತ್ತು. ಗೆಳತಿ ಮುಂದೆ ಹೋದಳು, ನನ್ನ ಮಗಳು ಹಿಂದೆ ಉಳಿದಳು ಎಂಬ ಸಂಕಟ ಸಣ್ಣದಲ್ಲ. ಅದಕ್ಕೇ ಈ ತರಗತಿಯನ್ನು ಎ2ರ ಅವಧಿಯಲ್ಲೇ, ಪಕ್ಕದ ಕೋಣೆಯಲ್ಲಿ ಇಟ್ಟಿದ್ದೇವೆ, ಎ2ರ ಶಿಕ್ಷಕರೇ ನಡೆಸುತ್ತಾರೆ. ಇದು ಶಿಕ್ಷೆಯೂ ಅಲ್ಲ, ದಡ್ಡರ ಸಾಲೂ ಅಲ್ಲ. ಮನೆಯಲ್ಲಿ ಯಾರಾದರೂ ಹಾಗೆಂದರೆ ದಯವಿಟ್ಟು ತಡೆಯಿರಿ. ಈ ಆರು ವಾರದಲ್ಲಿ ಎ2 ತರಗತಿ ಮುಗಿಸುವ ಮೊದಲ ಎರಡು ಪಾಠಗಳನ್ನು ಬಿಡುವಿನ ಅವಧಿಗಳಲ್ಲಿ ಹೇಳಿಕೊಟ್ಟು ಸರಿದೂಗಿಸುವ ಹೊಣೆ ನಮ್ಮದು.

ಟ್ಯೂಷನ್‌ಗೆ ಹಾಕಿ ನೇರವಾಗಿ ಎ2ಗೆ ಸೇರಿಸಬಹುದೇ ಎಂದು ಕೆಲವರು ಕೇಳಿದ್ದೀರಿ. ಆಗುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದರೆ ಬರವಣಿಗೆಯ ಅಂಕ ಇನ್ನೂ ಏರೀತು, ಕಿವಿ ಇದ್ದಲ್ಲೇ ಇರುತ್ತದೆ.

ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಮಗುವಿನ ಕೈಯಲ್ಲಿ ಕಳಿಸಿಕೊಡಿ.

ಮಗುವಿನ ಧ್ವನಿಮುದ್ರಣ ಕೇಳಬೇಕೆನಿಸಿದವರು ಸಂಜೆ ಶಾಲೆ ಬಿಟ್ಟ ಮೇಲೆ ಭಾಷಾ ವಿಭಾಗಕ್ಕೆ ಬನ್ನಿ, ಶಿಕ್ಷಕರು ಕೇಳಿಸುತ್ತಾರೆ.

ಇತಿ,
ಮುಖ್ಯೋಪಾಧ್ಯಾಯಿನಿ